ಯಕ್ಷಗಾನದ ಮಕ್ಕಳಿಗೆ ಕಾರವಾರದಲ್ಲೇ ಒಂದು ಪಿಜಿ ವಿಭಾಗ ಕೊಡಿ

ಸಂಪಾದಕರೇ,

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ಪತ್ರಿಕೆಗಳಲ್ಲಿ 'ಮುಂದೇನು?' ಅಂತ ಪುಟಗಟ್ಟಲೆ ಬರುತ್ತದೆ. ಎಂಬಿಎ, ಎಂಸಿಎ, ಬಿ.ಎಡ್, ಬ್ಯಾಂಕ್ ಪರೀಕ್ಷೆ. ಎಲ್ಲ ಬೇಕಾದದ್ದೇ. ಆದರೆ ಬಿ.ಎಸ್ಸಿ ಓದುತ್ತಾ ರಾತ್ರಿ ಗೆಜ್ಜೆ ಕಟ್ಟುವ ಹುಡುಗಿಗೆ, ಬಿ.ಕಾಂ ಓದುತ್ತಾ ನಾಟಕಗಳಿಗೆ ಲೈಟಿಂಗ್ ಮಾಡುವ ಹುಡುಗನಿಗೆ ಮುಂದೇನು ಅನ್ನುವುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಮ್ಮ ಉತ್ತರ ಕನ್ನಡದಲ್ಲಿ ಇಂಥ ಮಕ್ಕಳಿಗೆ ಬರವೇ ಇಲ್ಲ. ಕುಮಟಾದಲ್ಲಿ ಪಾಠ ಮಾಡುವ ನಾನು ಪ್ರತಿ ಬ್ಯಾಚಿನಲ್ಲೂ ಅವರನ್ನು ನೋಡುತ್ತೇನೆ. ಅವರ ಪರವಾಗಿ ಈ ಪತ್ರ.

ಕುಣಿತ, ನಾಟಕ, ಸಂಗೀತ, ಚಿತ್ರ, ಸಿನಿಮಾ ಎಲ್ಲವನ್ನೂ ಬೇರೆ ಬೇರೆ ಡಬ್ಬಿಗೆ ಹಾಕದೆ ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಕೋರ್ಸುಗಳು ಇವೆ. ಇತಿಹಾಸ, ಸಮಾಜಶಾಸ್ತ್ರವೂ ಜೊತೆಗೆ ಬರುತ್ತವೆ. ಮಾಡುವುದೂ ಇದೆ, ಓದುವುದೂ ಇದೆ. ಕೊನೆಗೆ ಒಂದು ಪ್ರಯೋಗ ಕಟ್ಟಬೇಕು, ಇಲ್ಲ ಒಂದು ಪ್ರಬಂಧ ಬರೆಯಬೇಕು, ಕೆಲವು ಕಡೆ ಎರಡೂ. ಇದು ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಅಧ್ಯಯನಕ್ಕೆ ಅಂತಲೇ 1980ರಲ್ಲಿ ವಿಭಾಗ ಶುರುವಾಯಿತು. ನಮ್ಮ ದೇಶದಲ್ಲೂ ದೆಹಲಿಯ ಜೆಎನ್‌ಯುನಲ್ಲಿ ರಂಗಭೂಮಿ, ದೃಶ್ಯಕಲೆ, ಸಿನಿಮಾ ಮೂರನ್ನೂ ಒಂದೇ ಸೂರಿನಡಿ ಓದುವ ಎಂ.ಎ. ಇದೆ. ದೆಹಲಿಯದೇ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿ ಪರ್ಫಾರ್ಮೆನ್ಸ್ ಸ್ಟಡೀಸ್ ಇದೆ. ಹೈದರಾಬಾದ್, ಪುದುಚೇರಿ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ರಂಗಕಲೆಯ ಸ್ನಾತಕೋತ್ತರ ಪದವಿ ಇದೆ. ದೂರ ಯಾಕೆ, ಪಕ್ಕದ ಮಣಿಪಾಲದಲ್ಲೇ ಕಲೆ, ಪರಿಸರ, ಶಾಂತಿ ಮೂರನ್ನೂ ಸೇರಿಸಿ ಎಂ.ಎ. ಮಾಡಿಸುತ್ತಾರೆ. ನಮ್ಮ ಜಿಲ್ಲೆಯ ಎಷ್ಟು ಮನೆಗಳಿಗೆ ಇದು ಗೊತ್ತಿದೆ?

ಹಲವು ಕಲೆ ಕೂಡಿಸಿ ಕಲಿಯುವುದನ್ನು ನಮಗೆ ಯಾರೂ ಹೊರಗಿನಿಂದ ಬಂದು ಹೇಳಿಕೊಡಬೇಕಾಗಿಲ್ಲ. ಬಡಗುತಿಟ್ಟು ಯಕ್ಷಗಾನದ ಒಂದು ಪ್ರಸಂಗವನ್ನೇ ನೋಡಿ. ಪದ್ಯ ಭಾಗವತರದ್ದು, ಪೆಟ್ಟು ಮದ್ದಳೆ ಚಂಡೆಯದ್ದು, ಕುಣಿತ, ಬಣ್ಣ, ವೇಷ, ಮೇಲಿಂದ ಬರವಣಿಗೆಯೇ ಇಲ್ಲದೆ ಅಲ್ಲಲ್ಲೇ ಹುಟ್ಟುವ ಅರ್ಥ, ಅಂದರೆ ವೇಷಧಾರಿಯ ಮಾತು. ಕಳೆದ ವರ್ಷ ಬಿ.ಎಸ್ಸಿ ಮುಗಿಸಿದ ನನ್ನ ಒಬ್ಬ ವಿದ್ಯಾರ್ಥಿನಿಯ ನೋಟ್ಸ್ ನೋಡಿದ್ದೆ. ಎಡಗಡೆ ಪುಟದಲ್ಲಿ ಪದ್ಯ, ಅದರ ಮೇಲೆ ಝಂಪೆ ತಾಳದ ಗುರುತು. ಬಲಗಡೆ ತಲೆಗೆ ಕಟ್ಟುವ ಕೇದಗೆ ಮುಂದಲೆಯ ಚಿತ್ರ, ಬಟ್ಟೆ ಎಷ್ಟು ಸುತ್ತು ಬರಬೇಕು, ಜರಿಪಟ್ಟಿ ಎಲ್ಲಿಂದ ಎಲ್ಲಿಗೆ ಎಳೆಯಬೇಕು ಅಂತ ಸ್ಕೇಲ್ ಇಟ್ಟು ಅಳತೆ. ಅದರ ಹಿಂದಿನ ಪುಟದಲ್ಲಿ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಕಾಣುತ್ತಿದ್ದ ಮುಖದ ಬಣ್ಣ ಈಗಿನ ಎಲ್ಇಡಿ ಬೆಳಕಿನಲ್ಲಿ ಯಾಕೆ ಬೇರೆ ಥರ ಕಾಣುತ್ತದೆ ಅಂತ ಬೆಳಕಿನ ತರಂಗಾಂತರ ಹಾಕಿ ಬರೆದಿದ್ದಳು, ಅದೂ ಯಾರೂ ಹೇಳದೆ, ಮಾರ್ಕ್ಸಿಗೂ ಅಲ್ಲದೆ, ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತು ಹಿರಿಯ ಕಲಾವಿದರನ್ನು ಕೇಳಿ ಕೇಳಿ. ಇದು ಸಂಶೋಧನೆ ಅಲ್ಲದೆ ಮತ್ತೇನು?

ಈ ಹುಡುಗಿ ಒಂದು ವಿಶ್ವವಿದ್ಯಾಲಯಕ್ಕೆ ನಾಟಕದ ಎಂ.ಎ.ಗೆ ವಿಚಾರಿಸಲು ಹೋದಳು. ಪದವಿಯಲ್ಲಿ ಅದೇ ವಿಷಯ ಓದಿರಬೇಕು, ವಿಜ್ಞಾನದವರಿಗೆ ಸೀಟಿಲ್ಲ ಅಂದು ಕಳಿಸಿದರು. ನಮ್ಮ ಜಿಲ್ಲೆಯ ಯಾವ ಡಿಗ್ರಿ ಕಾಲೇಜಿನಲ್ಲಿ ನಾಟಕ ಒಂದು ಮುಖ್ಯ ವಿಷಯವಾಗಿದೆ ಹೇಳಿ? ಇಲ್ಲದ ವಿಷಯವನ್ನು ಮಕ್ಕಳು ಎಲ್ಲಿ ಓದಿ ಬರಬೇಕು? ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡುತ್ತಾ ಬೆಳೆದ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಪದವಿ ಮಾಡಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಈ ಲೆಕ್ಕದಲ್ಲಿ ಅವರಿಗೂ ಸೀಟು ಸಿಗುತ್ತಿರಲಿಲ್ಲ. ಸಂತೋಷದ ಸಂಗತಿ ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರಲ್ಲಿ ತಂದ ಸ್ನಾತಕೋತ್ತರ ಚೌಕಟ್ಟಿನಲ್ಲಿ, ಪದವಿಯಲ್ಲಿ ಯಾವ ವಿಷಯ ಓದಿದ್ದರೂ ಪ್ರವೇಶ ಪರೀಕ್ಷೆ ಪಾಸಾದರೆ ಬೇರೆ ವಿಷಯದಲ್ಲಿ ಪಿಜಿ ಮಾಡಬಹುದು ಅಂತ ಸ್ಪಷ್ಟವಾಗಿ ಹೇಳಿದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಕಲೆಯ ವಿಷಯಗಳಿಗಾದರೂ ಇದನ್ನು ಮೊದಲು ಜಾರಿಗೆ ತರಲಿ.

ಈಗ ನನ್ನ ಮುಖ್ಯ ಬೇಡಿಕೆ. ಕರ್ನಾಟಕ ವಿಶ್ವವಿದ್ಯಾಲಯ ಇರುವುದು ಧಾರವಾಡದಲ್ಲಿ. ಆದರೆ ಅದರ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ಯಾಕೆ? ಕಡಲು ಇಲ್ಲಿದೆ, ಅದಕ್ಕೆ. ಧಾರವಾಡದಲ್ಲಿ ಕೂತು ಕಡಲ ಜೀವಿಗಳನ್ನು ಓದಲು ಆಗುವುದಿಲ್ಲ ಅಂತ ಆಗಿನವರಿಗೆ ಅರ್ಥವಾಗಿತ್ತು. ಅದೇ ಮಾತು ಪ್ರದರ್ಶನ ಕಲೆಗೂ ಅನ್ವಯಿಸುತ್ತದೆ ಅಲ್ವಾ? ಯಕ್ಷಗಾನ ಮೇಳಗಳು ಇಲ್ಲಿವೆ. ಶಿರಸಿಯಲ್ಲಿ ಹೋಳಿಯ ಹೊತ್ತಿಗೆ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ, ಬೀದಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ನವಿಲುಗರಿ ಕಟ್ಟಿಕೊಂಡ ಬೇಡ, ಅವನನ್ನು ಹಗ್ಗದಲ್ಲಿ ಹಿಡಿದ ಇಬ್ಬರು, ತಮಟೆ, ಹಿಂದೆ ಮುಂದೆ ಓಡುವ ಜನ. ಅಲ್ಲಿ ನೋಡುವವರು ಯಾರು, ಆಡುವವರು ಯಾರು ಅಂತ ಗೆರೆ ಎಳೆಯಲು ಆಗುವುದಿಲ್ಲ. ಊರೇ ರಂಗಸ್ಥಳವಾದಾಗ ಏನಾಗುತ್ತದೆ ಅಂತ ಹೊರದೇಶದ ವಿಭಾಗಗಳಲ್ಲಿ ಸೆಮಿನಾರ್ ನಡೆಸುತ್ತಾರೆ, ಇಲ್ಲಿ ಮನೆ ಬಾಗಿಲಲ್ಲೇ ಅದು ನಡೆಯುತ್ತದೆ. ಅಂಕೋಲಾ ಕಡೆ ಹಾಲಕ್ಕಿ ಸಮುದಾಯದ ಸುಗ್ಗಿ ಕುಣಿತ, ತಲೆಗೆ ಬೆಂಡಿನ ತುರಾಯಿ, ಬಾರಿಸಲು ಗುಮಟೆ. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ಡಮಾಮಿ ಕುಣಿತ. ಕಾರವಾರದ ಸ್ನಾತಕೋತ್ತರ ಕೇಂದ್ರಕ್ಕೆ ಇಂಥ ಒಂದು ವಿಭಾಗ ಬಂದರೆ ಮಕ್ಕಳಿಗೆ ಪ್ರಯೋಗಶಾಲೆ ಹುಡುಕುವ ಕೆಲಸವೇ ಇಲ್ಲ.

ಪಾಠ ಮಾಡಲು ಪಿಎಚ್.ಡಿ ಆದವರು ಎಲ್ಲಿ ಸಿಗುತ್ತಾರೆ ಅಂತ ಕೇಳಬಹುದು. ಅದಕ್ಕೂ ದಾರಿ ಇದೆ. ಯುಜಿಸಿ 2022ರಲ್ಲಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ಒಂದು ವ್ಯವಸ್ಥೆ ಮಾಡಿದೆ. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವ ಇರುವ ಪರಿಣತರನ್ನು, ಪದವಿ ಇಲ್ಲದಿದ್ದರೂ, ಒಟ್ಟು ಹುದ್ದೆಗಳ ಶೇ. 10ರ ಮಿತಿಯಲ್ಲಿ ತೆಗೆದುಕೊಳ್ಳಬಹುದು. ಅಂದರೆ ಹಿರಿಯ ಭಾಗವತರು, ಮದ್ದಳೆಗಾರರು, ಬಣ್ಣ ಬರೆಯುವವರು ಕ್ಲಾಸಿಗೆ ಬರಬಹುದು. ಅಂಕೋಲಾ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ತೀರಿಹೋದರು. ಅಷ್ಟೊಂದು ಹಾಡು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಅಜ್ಜಿಯನ್ನು ಪ್ರೊಫೆಸರ್ ಅಂತ ಕೂರಿಸಿ ಒಂದು ವರ್ಷ ಪಾಠ ಕೇಳುವ ಭಾಗ್ಯ ನಮ್ಮ ಮಕ್ಕಳಿಗೆ ಸಿಗಲಿಲ್ಲ. ನೆನಪಾದಾಗಲೆಲ್ಲ ಸಂಕಟವಾಗುತ್ತದೆ. ಹಾಡು ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ತಡ ಮಾಡುವುದು ಬೇಡ.

ಓದಲು ಹೋದವರು ವಾಪಸ್ ಬರುವುದಿಲ್ಲ, ಪರಂಪರೆ ಕೆಡುತ್ತದೆ ಅನ್ನುವವರು ನಮ್ಮಲ್ಲಿದ್ದಾರೆ. ಅವರಿಗೆ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರನ್ನು ನೆನಪಿಸುತ್ತೇನೆ. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳದ ಮನೆಯಲ್ಲೇ ಹುಟ್ಟಿದವರು, ಆದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತರು. ವಾಪಸ್ ಬಂದು ಗುಣವಂತೆಯಲ್ಲಿ 1986ರಲ್ಲಿ ಯಕ್ಷಗಾನ ಶಾಲೆ ತೆರೆದರು. ಬೇರೆ ಕಲೆ ಕಲಿತದ್ದರಿಂದ ಅವರ ಯಕ್ಷಗಾನ ಕೆಟ್ಟಿತು ಅಂತ ಈ ಕರಾವಳಿಯಲ್ಲಿ ಯಾರಾದರೂ ಹೇಳುತ್ತಾರಾ?

ಹಣದ ವಿಷಯ. ಅಪ್ಪ ಅಮ್ಮಂದಿರು ಮೊದಲು ಕೇಳುವುದೇ ಇದು, ಕೇಳುವುದು ಸರಿಯೇ. ಐಟಿ ಕಂಪನಿಯ ಸಂಬಳ ಇದರಲ್ಲಿ ಬರುವುದಿಲ್ಲ. ಆದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಪ್ರದರ್ಶನ ಕಲೆಗಳೂ ಒಂದು ವಿಷಯ, ಉಪನ್ಯಾಸಕರಾಗುವ ದಾರಿ ತೆರೆದಿದೆ. ಶಾಲೆಗಳಲ್ಲಿ ರಂಗಶಿಕ್ಷಣ, ಮ್ಯೂಸಿಯಂ, ಸಾಕ್ಷ್ಯಚಿತ್ರ, ದಾಖಲೀಕರಣ ಇವೆಲ್ಲ ಇವೆ. 18ರಿಂದ 25 ವರ್ಷದೊಳಗಿನ ಯುವ ಕಲಾವಿದರಿಗೆ ಕೇಂದ್ರ ಸಂಸ್ಕೃತಿ ಸಚಿವಾಲಯದ ವಿದ್ಯಾರ್ಥಿವೇತನ ಇದೆ, ತಿಂಗಳಿಗೆ 5000 ರೂಪಾಯಿಯಂತೆ 2 ವರ್ಷ. ಜಾಸ್ತಿ ಅಲ್ಲ, ಆದರೆ ಹಾಸ್ಟೆಲ್ ಊಟಕ್ಕೆ ಆಸರೆ.

ಕಾರವಾರದಲ್ಲಿ ವಿಭಾಗ ಬರುವ ತನಕ ಹೊರಗೆ ಹೋಗುವ ಮಕ್ಕಳಿಗೆ ಒಂದು ಮಾತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಪಿಜಿ ಪ್ರವೇಶ ಪರೀಕ್ಷೆಯಾದ ಸಿಯುಇಟಿ-ಪಿಜಿಯ ಅರ್ಜಿ ಚಳಿಗಾಲದಲ್ಲೇ ಶುರುವಾಗುತ್ತದೆ. ಅದು ಮೇಳಗಳ ತಿರುಗಾಟದ ಕಾಲ, ಆಟ ಮುಗಿಸಿ ಬೆಳಗಿನ ಜಾವ ಮನೆಗೆ ಬರುವ ದಿನಗಳು. ಫಲಿತಾಂಶ ಬಂದ ಮೇಲೆ ನೋಡೋಣ ಅಂತ ಕೂತರೆ ಒಂದು ವರ್ಷ ಸುಮ್ನೆ ಹೋಗುತ್ತದೆ. ಹಾಗೆಯೇ ನೀವು ಮಾಡಿದ ಕೆಲಸವನ್ನು ಈಗಿನಿಂದಲೇ ವಿಡಿಯೊ ಮಾಡಿಟ್ಟುಕೊಳ್ಳಿ, ವೇಷ ಹಾಕಿ ಕುಣಿದದ್ದು ಮಾತ್ರ ಅಲ್ಲ, ಚೌಕಿಯಲ್ಲಿ ಮಾಡಿದ್ದೂ, ಸೋತ ಪ್ರಯೋಗವೂ. ನಾನು ಇದನ್ನೇ ಯಾಕೆ ಓದಬೇಕು ಅಂತ ಒಂದೂವರೆ ಪುಟ ಬರೆದುಕೊಳ್ಳಿ. ಮೊದಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಇಂಗ್ಲಿಷಿಗೆ ತರಲು ನಿಮ್ಮ ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರನ್ನು ಕೇಳಿ, ಖಂಡಿತ ಸಹಾಯ ಮಾಡುತ್ತಾರೆ.

ಸಂಪಾದಕರೇ, ಮುಂದಿನ ಬಾರಿ 'ಮುಂದೇನು?' ಪುಟ ತರುವಾಗ ಈ ಕೋರ್ಸುಗಳ ವಿವರ, ಅರ್ಜಿಯ ಕೊನೆಯ ದಿನಾಂಕ ಎಲ್ಲ ಹಾಕಿ. ಮೇ ತಿಂಗಳಲ್ಲಿ ಬೇಡ, ನವೆಂಬರಿನಲ್ಲೇ ಹಾಕಿ.

– ಒಬ್ಬ ಉಪನ್ಯಾಸಕಿ, ಕುಮಟಾ