ಶವಾಗಾರದ ಗಾಳಿಯನ್ನು ಅಳೆಯಿರಿ, ಮೂಗನ್ನು ನಂಬಬೇಡಿ

ಮಾನ್ಯ ಸಂಪಾದಕರೇ,

ಶವಾಗಾರದ ಸುರಕ್ಷತೆ ಅಂದರೆ ಎಲ್ಲರೂ ಸೋಂಕಿನ ಮಾತು ತೆಗೆಯುತ್ತಾರೆ. ಶವ, ಅಂಗಾಂಶ ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದ ಆವಿಯನ್ನು ಅಲ್ಲಿನ ನೌಕರರು ದಿನವೂ ಉಸಿರಾಡುವುದು ಯಾರಿಗೂ ನೆನಪಾಗುವುದಿಲ್ಲ. ಅದರಿಂದ ಏಳುವ ಫಾರ್ಮಾಲ್ಡಿಹೈಡ್ ಅನಿಲ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಕಣ್ಣುರಿ, ಗಂಟಲು ಕೆರೆತ, ಚರ್ಮದ ಅಲರ್ಜಿ, ಉಬ್ಬಸ ಇದ್ದದ್ದೇ.

"ನಮಗೆ ಅಭ್ಯಾಸವಾಗಿದೆ, ವಾಸನೆಯೇ ಬರೋದಿಲ್ಲ" ಅಂತ ಹಳೆಯ ನೌಕರರು ಹೇಳುವುದುಂಟು. ಒಗ್ಗಿರುವುದು ಮೂಗು ಮಾತ್ರ, ಶ್ವಾಸಕೋಶ ಅಲ್ಲ. ಅದಕ್ಕೇ ಗಾಳಿಯನ್ನು ಅಳೆಯಬೇಕು. ಅದೂ ಕೋಣೆಯ ಮೂಲೆಯಲ್ಲಿ ಯಂತ್ರ ಇಟ್ಟು, ಕೆಲಸವಿಲ್ಲದ ಹೊತ್ತಿನಲ್ಲಿ ಅಳೆದರೆ ಏನೂ ಸಿಗುವುದಿಲ್ಲ. ನೌಕರನ ಕೊರಳಪಟ್ಟಿಗೇ ಮಾಪಕ ಸಿಕ್ಕಿಸಬೇಕು, ಏಕೆಂದರೆ ಅವನು ಉಸಿರಾಡುವುದು ಮೇಜಿನ ಮೇಲೆ ಬಗ್ಗಿಕೊಂಡು. ಅಮೆರಿಕದ ನಿಯಮದಲ್ಲಿ ಎರಡು ಮಿತಿಗಳಿವೆ: 8 ಗಂಟೆಯ ಸರಾಸರಿ 0.75 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಯಾವುದೇ 15 ನಿಮಿಷಕ್ಕೆ 2 ಪಿಪಿಎಂ. ನನಗೆ ಎರಡನೆಯದೇ ಜಾಸ್ತಿ ಮುಖ್ಯ ಅನಿಸುತ್ತದೆ. ಫಾರ್ಮಲಿನ್ ಸುರಿಯುವಾಗ, ಹಳೆಯ ಜಾಡಿಯ ಮುಚ್ಚಳ ತೆಗೆಯುವಾಗ, ಚೆಲ್ಲಿದ್ದನ್ನು ಒರೆಸುವಾಗ ಒಮ್ಮೆಲೇ ಏರುವ ಪ್ರಮಾಣ ದಿನದ ಸರಾಸರಿಯಲ್ಲಿ ಸದ್ದಿಲ್ಲದೆ ಕರಗಿ ಹೋಗುತ್ತದೆ.

ಇನ್ನು ಚೆಲ್ಲಿದ್ದನ್ನು ಒರೆಸುವವರು ಯಾರು? ಸಾಮಾನ್ಯವಾಗಿ ಸ್ವಚ್ಛತಾ ಸಿಬ್ಬಂದಿ, ಗುತ್ತಿಗೆಯವರು. ಅಪಾಯದ ಪಟ್ಟಿ ಮಾಡುವಾಗ ವೈದ್ಯರು, ತಂತ್ರಜ್ಞರು ಸೇರುತ್ತಾರೆ, ಇವರು ಹೊರಗೇ ಉಳಿಯುತ್ತಾರೆ. ಬ್ಲೀಚ್ ಜೊತೆ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ ಅಂತಲೂ ಇವರಿಗೆ ಯಾರಾದರೂ ಹೇಳಿಕೊಡಬೇಕಲ್ವಾ?

ವರ್ಷಕ್ಕೊಮ್ಮೆ ಅಳೆದರೂ ಕೈಗೆ ಸಿಗದ ಅಪಾಯಗಳಿವೆ. ಕಾಳಿಗೆ ಹುಳ ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ವಿಷದ ಮಾತ್ರೆ ನುಂಗಿ ಸತ್ತವರ ಹೊಟ್ಟೆ ತೆರೆದಾಗ ವಿಷಕಾರಿ ಫಾಸ್ಫೀನ್ ಅನಿಲ ಹೊರಬರಬಹುದು. ವಿಷದ ಶಂಕೆ ಇದ್ದರೆ ಶವ ಒಳಗೆ ಬರುವ ಮೊದಲೇ ಸಿಬ್ಬಂದಿಗೆ ತಿಳಿಸಬೇಕು.

ಸರ್ಜಿಕಲ್ ಮಾಸ್ಕ್, ಎನ್95 ಹಾಕಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಅವು ಹನಿ, ಕಣಗಳಿಗೆ. ಅನಿಲ ಸಲೀಸಾಗಿ ಒಳಗೆ ಹೋಗುತ್ತದೆ. ಫಾರ್ಮಾಲ್ಡಿಹೈಡ್‌ಗೆಂದೇ ಮಾಡಿದ ಫಿಲ್ಟರ್ ಬೇಕು. ಅದಕ್ಕೂ ಮೊದಲು ಗಾಳಿಯನ್ನು ಮೇಜಿನ ಮಟ್ಟದಲ್ಲೇ ಕೆಳಕ್ಕೆ ಎಳೆಯುವ ವ್ಯವಸ್ಥೆ ಬೇಕು. ಫ್ಯಾನ್ ಬರೀ ಚಾವಣಿಯಲ್ಲಿದ್ದರೆ ಆವಿ ನೌಕರನ ಮುಖ ಸವರಿಕೊಂಡೇ ಮೇಲೆ ಹೋಗುತ್ತದೆ.

ಪ್ರತಿ ಶವಾಗಾರದಲ್ಲೂ ಹೀಗೆ ಅಳೆದ ಅಂಕಿಗಳನ್ನು ನೌಕರರಿಗೆ ಕಾಣುವಂತೆ ಗೋಡೆಗೆ ಹಚ್ಚಲಿ, ಗುತ್ತಿಗೆಯವರ ಆರೋಗ್ಯ ತಪಾಸಣೆಯೂ ಅದರ ಜೊತೆಗೇ ನಡೆಯಲಿ.

ಇಂತಿ,
ನಿಮ್ಮ ಓದುಗ