ಟರ್ಬೊ ತಪಾಸಣೆಗೆ ಪ್ರತ್ಯೇಕ ಶುಲ್ಕ ವಿಧಿಸುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ, ‘ಪಿಕಪ್ ಇಲ್ಲ’, ‘ಘಾಟಿಯಲ್ಲಿ ಎಳೆಯುತ್ತಿಲ್ಲ’ ಎಂಬ ದೂರಿನೊಂದಿಗೆ ನಮ್ಮ ಗ್ಯಾರೇಜಿಗೆ ಬರುವ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವ ಗಾಡಿಗಳಿಗೆ ತಪಾಸಣೆಯ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಹಾಕಲಾಗುವುದು. ಸ್ಕ್ಯಾನರ್ (ಎಂಜಿನ್ನಿನ ಕಂಪ್ಯೂಟರನ್ನು ಓದುವ ಉಪಕರಣ) ಹಾಕಿ ನೋಡುವ ಗಾಡಿಗಳಿಗೆ 1,800 ರೂಪಾಯಿ, ಹಳೆಯ ಮೆಕ್ಯಾನಿಕಲ್ ಪಂಪಿನ ಟರ್ಬೊ ಜೀಪುಗಳಿಗೆ 900 ರೂಪಾಯಿ. ಎರಡಕ್ಕೂ ಜಿಎಸ್‌ಟಿ ಬೇರೆ. ಕೊನೆಯಲ್ಲಿ ಹೇಳಿರುವ ಎರಡು ಸಂದರ್ಭಗಳನ್ನು ಬಿಟ್ಟರೆ, ಸಿಕ್ಕ ದೋಷ ಚಿಕ್ಕದಿರಲಿ, ದೊಡ್ಡದಿರಲಿ, ರಿಪೇರಿಯನ್ನು ನಮ್ಮಲ್ಲೇ ಮಾಡಿಸಿದರೂ ಬೇರೆಡೆ ಮಾಡಿಸಿದರೂ ಶುಲ್ಕ ಇಷ್ಟೇ. ಇದರ ಜೊತೆಗೆ, ತಪಾಸಣೆ ಆಗದೆ ಟರ್ಬೊ ಬದಲಿಸುವ ಕೆಲಸವನ್ನು, ಹೊಸ ಟರ್ಬೊವನ್ನು ನೀವೇ ಪೆಟ್ಟಿಗೆ ಸಮೇತ ತಂದುಕೊಟ್ಟರೂ, ನಾವು ಇನ್ನು ಮುಂದೆ ಒಪ್ಪಿಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಈ ಕೆಲಸಕ್ಕೆ ನಾವು ಬೇರೆ ಹಣ ಕೇಳಿದವರಲ್ಲ. ಹಳೆಯ ಶೆಡ್ಡಿನ ಕಾಲದಿಂದ ನಮ್ಮಲ್ಲಿಗೆ ಬರುತ್ತಿರುವವರಿಗೆ ಇದನ್ನು ಓದಿ ಬೇಸರವಾಗುವುದು ಸಹಜ. ಆ ಬೇಸರಕ್ಕೆ ಕ್ಷಮೆ ಕೋರುತ್ತೇವೆ. ಶುಲ್ಕಕ್ಕೆ ಕ್ಷಮೆ ಕೋರುತ್ತಿಲ್ಲ, ಏಕೆಂದರೆ ಅದು ನ್ಯಾಯವಾದದ್ದೆಂದು ನಾವು ನಂಬಿದ್ದೇವೆ. ಏಕೆ ನಂಬಿದ್ದೇವೆ ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ನಾವು ಮತ್ತೆ ಮತ್ತೆ ಕೇಳಿದ ಆಕ್ಷೇಪ ಒಂದೇ: ‘ಬೇರೆ ಕಡೆ ಸ್ಕ್ಯಾನರ್ ಹಾಕಿ ಐದೇ ನಿಮಿಷದಲ್ಲಿ ಹೇಳುತ್ತಾರೆ, ನೀವು ಅರ್ಧ ದಿನ ಗಾಡಿ ಇಟ್ಟುಕೊಂಡು ಕೊನೆಗೆ ಒಂದು ಕ್ಲ್ಯಾಂಪ್ ಬಿಗಿ ಮಾಡಿ ದುಡ್ಡು ಕೇಳುತ್ತೀರಿ.’ ಸ್ಕ್ಯಾನರ್ ಐದು ನಿಮಿಷದಲ್ಲಿ ಹೇಳುವುದು ಏನನ್ನು ಎಂಬುದನ್ನು ಮೊದಲು ನೋಡೋಣ. ಸಾಮಾನ್ಯವಾಗಿ ಬರುವ ಕೋಡ್ ಪಿ0299. ಎಂಜಿನ್ನಿನ ಕಂಪ್ಯೂಟರ್ ಕೇಳಿದಷ್ಟು ಗಾಳಿಯ ಒತ್ತಡ ಸಿಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಟರ್ಬೊ ಹಾಳಾಗಿದೆ ಎಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಅದನ್ನು ಹಾಗೆ ಓದಿ ಹೇಳುವವರು ಮನುಷ್ಯರು. ನಿಮ್ಮಲ್ಲಿ ಬಹಳ ಮಂದಿ ತೋಟದವರು. ಸ್ಪ್ರಿಂಕ್ಲರ್ ಜೆಟ್ಟಿನಲ್ಲಿ ನೀರು ಏರದಿದ್ದರೆ ನೀವು ಪಂಪ್ ಬದಲಿಸುವ ಮೊದಲು ಪೈಪ್‌ಲೈನಿನ ಉದ್ದಕ್ಕೂ ನಡೆದು ಜಾಯಿಂಟುಗಳನ್ನು ನೋಡುತ್ತೀರಿ. ನಾವು ಮಾಡುವುದೂ ಅದೇ ಕೆಲಸ, ಅದಕ್ಕೆ ಹಿಡಿಯುವುದೂ ಅಷ್ಟೇ ಹೊತ್ತು.

ಗಾಡಿಯಲ್ಲಿ ಗಾಳಿ ಸಾಗುವ ಈ ಸಾಲು ಎಷ್ಟು ಉದ್ದದ್ದು ಎಂದರೆ, ಗಾಳಿ ಏರ್ ಫಿಲ್ಟರಿನಿಂದ ಟರ್ಬೊಗೆ, ಅಲ್ಲಿಂದ ರಬ್ಬರ್ ಹೋಸುಗಳ ಮೂಲಕ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಮತ್ತೆ ಹೋಸುಗಳ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಇದರಲ್ಲಿ ಯಾವ ಜಾಯಿಂಟ್ ಸೋರಿದರೂ ಒತ್ತಡ ಬೀಳುತ್ತದೆ. ಟರ್ಬೊವನ್ನು ತಿರುಗಿಸುವುದು ಹೊಗೆಯಾದ್ದರಿಂದ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುಟ್ಟು ಹೊಗೆ ಟರ್ಬೊಗೆ ಮುಟ್ಟುವ ಮೊದಲೇ ಹೊರಬಿದ್ದರೂ ಒತ್ತಡ ಬೀಳುತ್ತದೆ. ಆ ಕಡೆ ಸೈಲೆನ್ಸರ್ ಸಾಲಿನಲ್ಲಿ ಹೊಗೆ ಕಟ್ಟಿಕೊಂಡರೂ ಅದೇ ಫಲ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಡಿಪೋಗೆ ಎಂದು ಎರಡನೇ ಗೇರಿನಲ್ಲೇ ಓಡುವ ಗಾಡಿಯಲ್ಲಿ ಅದು ತನ್ನಷ್ಟಕ್ಕೆ ಮಸಿ ಸುಟ್ಟುಕೊಳ್ಳುವಷ್ಟು ಬಿಸಿಯೇ ಆಗದೆ ತುಂಬಿಕೊಳ್ಳುತ್ತದೆ. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ನಿಂತರೂ, ಡೀಸೆಲ್ ಒತ್ತಡ ಕಡಿಮೆಯಾದರೂ, ಕೊನೆಗೆ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರಿಗೇ ಮಸಿ ಮೆತ್ತಿಕೊಂಡು ಅದು ತಪ್ಪು ಲೆಕ್ಕ ಕೊಟ್ಟರೂ, ಗಾಡಿ ಓಡಿಸುವವರಿಗೆ ಕಾಣುವುದು ಒಂದೇ ಲಕ್ಷಣ: ಎಳೆಯುತ್ತಿಲ್ಲ.

ನಮ್ಮಲ್ಲಿ ತಪಾಸಣೆ ನಡೆಯುವ ಕ್ರಮವನ್ನು ನೋಡಿದ ಗ್ರಾಹಕರು ಕಡಿಮೆ, ಆದ್ದರಿಂದ ಬರೆಯುತ್ತೇವೆ. ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ ಮ್ಯಾಪ್ ಸೆನ್ಸಾರಿನ ಅಂಕಿ ನೋಡುತ್ತೇವೆ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಸಮುದ್ರಮಟ್ಟದ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಸಾವಿರ ಮೀಟರಿಗೂ ಎತ್ತರದ ನಮ್ಮ ಚಿಕ್ಕಮಗಳೂರಿನಲ್ಲಿ ಸುಮಾರು 89. ಇಲ್ಲಿ ಸೆನ್ಸಾರ್ 101 ತೋರಿಸಿದರೆ ಸುಳ್ಳು ಹೇಳುತ್ತಿರುವುದು ಸೆನ್ಸಾರೇ. ಮೊಬೈಲಿನ ಆ್ಯಪ್ ಇಟ್ಟುಕೊಂಡು ‘190 ಬರುತ್ತಿದೆ, ಬೂಸ್ಟ್ ಬೇಕಾದಷ್ಟಿದೆ’ ಎಂದು ವಾದಿಸುವವರು ಅದರಲ್ಲಿ ಈ 89ನ್ನು ಕಳೆದು ನೋಡಬೇಕು; ಟರ್ಬೊ ಕೂಡಿಸಿದ ಒತ್ತಡ, ಅಂದರೆ ಬೂಸ್ಟ್, ಉಳಿದ 101 ಮಾತ್ರ, ಸುಮಾರು ಒಂದು ಬಾರ್. ಹೊರಗಿನ ಗಾಳಿ ತೆಳುವಾದಷ್ಟೂ ಅದೇ ಒತ್ತಡ ಮುಟ್ಟಲು ಟರ್ಬೊ ಹೆಚ್ಚು ದುಡಿಯಬೇಕಾಗುತ್ತದೆ. ಘಟ್ಟದ ಕೆಳಗೆ ಗೊತ್ತೇ ಆಗದ ಚಿಕ್ಕ ಸೋರಿಕೆ ಚಾರ್ಮಾಡಿ ಹತ್ತುವಾಗ ಚೆಕ್ ಎಂಜಿನ್ ಲೈಟ್ ಹೊತ್ತಿಸಿ ಗಾಡಿಯನ್ನು ಲಿಂಪ್ ಮೋಡಿಗೆ (ಕಂಪ್ಯೂಟರ್ ತಾನಾಗಿ ಶಕ್ತಿ ತಗ್ಗಿಸುವ ಸ್ಥಿತಿ) ಹಾಕುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ರಸ್ತೆ. ನಿಂತ ಗಾಡಿಯಲ್ಲಿ ಎಷ್ಟೇ ರೇಸ್ ಕೊಟ್ಟರೂ ಎಂಜಿನ್ ಮೇಲೆ ಭಾರ ಬೀಳದ ಕಾರಣ ಪೂರ್ತಿ ಬೂಸ್ಟ್ ಹುಟ್ಟುವುದಿಲ್ಲ. ಅದಕ್ಕಾಗಿ ಸ್ಕ್ಯಾನರ್ ಹಾಕಿಕೊಂಡೇ ಮುಳ್ಳಯ್ಯನಗಿರಿ ದಾರಿಯ ಕೈಮರದ ಏರಿನಲ್ಲಿ ಮೂರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ, ಕಂಪ್ಯೂಟರ್ ಕೇಳಿದ ಒತ್ತಡ ಮತ್ತು ನಿಜಕ್ಕೂ ಸಿಕ್ಕ ಒತ್ತಡ ಎರಡನ್ನೂ ಅಕ್ಕಪಕ್ಕ ದಾಖಲಿಸುತ್ತೇವೆ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಅಂಕಿ ನೋಡಬೇಕು. ‘ನನ್ನ ಗಾಡಿಯಲ್ಲಿ ಸುತ್ತಾಡಲು ಹೋಗಿದ್ದರು’ ಎಂದು ಒಬ್ಬ ಗ್ರಾಹಕರು ನಗುತ್ತಲೇ ಹೇಳಿದ್ದನ್ನು ಇಲ್ಲಿ ನೆನಪಿಸಿಕೊಳ್ಳುತ್ತಿರುವುದಕ್ಕೆ ಅವರು ಕ್ಷಮಿಸಬೇಕು.

ಅಂಕಿಗಳ ನಡುವೆ ಅಂತರ ಕಂಡರೆ ಕೈಕೆಲಸ ಶುರುವಾಗುತ್ತದೆ. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಅಡೆ ಹಾಕಿ, ರೆಗ್ಯುಲೇಟರ್ ಇಟ್ಟು ಒಂದು ಬಾರ್ ಮೀರದಂತೆ ಗಾಳಿ ತುಂಬಿ, ಒಂದೊಂದು ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಕಿವಿಗೊಡುತ್ತೇವೆ. ಸ್ಮೋಕ್ ಮಷಿನ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ಅದು ಕೆಲಸ ಮಾಡುವುದು ತೀರ ಕಡಿಮೆ ಒತ್ತಡದಲ್ಲಿ. ಎಣ್ಣೆ ಕುಡಿದು ಮೆತ್ತಗಾದ ಹೋಸಿನ ಬಿರುಕು ಕ್ಲ್ಯಾಂಪಿನ ಅಂಚಿಗೆ ಅಡಗಿಕೊಂಡಿದ್ದರೆ ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಆಗ ಕಾಣುವುದು ಉಗುರಿನಷ್ಟು ಉದ್ದದ ಸೀಳು, ಅದರ ಸುತ್ತ ಧೂಳು ಹಿಡಿದ ಎಣ್ಣೆಯ ಕಲೆ, ಮೇಲೆ ಬುರುಬುರು ಏಳುವ ನೊರೆ. ಗಾಳಿ ತೆಗೆದ ಕೂಡಲೇ ಅದು ಮತ್ತೆ ಮುಚ್ಚಿಕೊಂಡು ಹೊಸ ಹೋಸಿನಂತೆ ಕಾಣುತ್ತದೆ.

ಒಳಗಿನ ಚಿಕ್ಕ ರೆಕ್ಕೆಗಳನ್ನು (ವೇನ್) ತಿರುಗಿಸಿ ಒತ್ತಡ ಹೊಂದಿಸುವ ವಿಜಿಟಿ ಟರ್ಬೊಗಳಲ್ಲಿ ಹಲವಕ್ಕೆ ಇನ್ನೊಂದು ಸಾಲು ಇದೆ: ವ್ಯಾಕ್ಯೂಮ್ ಪಂಪಿನಿಂದ ಸೊಲೆನಾಯ್ಡ್ ವಾಲ್ವಿಗೆ, ಅಲ್ಲಿಂದ ಆ ವೇನ್‌ಗಳನ್ನು ತಿರುಗಿಸುವ ಆಕ್ಚುಯೇಟರಿಗೆ ಹೋಗುವ ಪೆನ್ಸಿಲಿಗಿಂತ ಸಣ್ಣ ಪೈಪು. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿಗಳಿಗೆ ಇದರ ಮೇಲೆ ವಿಶೇಷ ಪ್ರೀತಿ. ಈ ಪೈಪು ತುಂಡಾದರೆ ಟರ್ಬೊ ಒಳಗಿನ ವೇನ್‌ಗಳು ತೆರೆದೇ ಉಳಿದು ಬೂಸ್ಟ್ ಏರುವುದಿಲ್ಲ. ಟರ್ಬೊ ಮಾತ್ರ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟಾಗ ಆಕ್ಚುಯೇಟರಿನ ರಾಡ್ ಸರಾಗವಾಗಿ ಎಳೆದುಕೊಂಡು ನಿಂತಲ್ಲೇ ನಿಲ್ಲಬೇಕು. ಕೈಪಂಪಿನ ಮೀಟರಿನ ಮುಳ್ಳು ಇಳಿಯುತ್ತ ಬಂದರೆ ಒಳಗಿನ ಡಯಾಫ್ರಾಮ್ ಹರಿದಿದೆ, ರಾಡ್ ಅರ್ಧಕ್ಕೇ ಸಿಕ್ಕಿಕೊಂಡರೆ ವೇನ್‌ಗಳಿಗೆ ಮಸಿ ಕಟ್ಟಿದೆ. ಈಗಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ, ಹೆಚ್ಚಾದ ಹೊಗೆಯನ್ನು ಟರ್ಬೊ ತಿರುಗಿಸದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟನ್ನು ಚಿಕ್ಕ ವಿದ್ಯುತ್ ಮೋಟಾರು ನಡೆಸುವುದರಿಂದ ಅವುಗಳ ಪರೀಕ್ಷೆ ಸ್ಕ್ಯಾನರಿನ ಮೂಲಕವೇ ಆಗಬೇಕು. ಇಷ್ಟೆಲ್ಲ ಆದ ಮೇಲೆ, ಎಲ್ಲವೂ ಸರಿ ಎಂದಾದ ಮೇಲೆ, ಟರ್ಬೊ ಶಾಫ್ಟಿಗೆ ಕೈ ಹಾಕುತ್ತೇವೆ. ಅದು ಮೇಲೆ ಕೆಳಗೆ ತುಸು ಅಲುಗುವುದು ಸಹಜ. ಹಿಂದೆ ಮುಂದೆ ಆಡಿದರೆ, ಫ್ಯಾನಿನ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಮಾತ್ರ ಟರ್ಬೊ ಹೋಗಿದೆ ಎಂದು ಹೇಳುತ್ತೇವೆ.

ಈಗ ಕ್ಲ್ಯಾಂಪಿನ ವಿಷಯಕ್ಕೆ ಬರೋಣ. ಕ್ಲ್ಯಾಂಪ್ ಬಿಗಿ ಮಾಡಲು ಎರಡು ನಿಮಿಷ ಸಾಕು, ಅದಕ್ಕೆ ನಾವು ಹಣ ಕೇಳುತ್ತಲೂ ಇಲ್ಲ. ಇಷ್ಟು ಜಾಯಿಂಟುಗಳಲ್ಲಿ ಬಿಗಿ ಮಾಡಬೇಕಾದದ್ದು ಯಾವುದು ಎಂದು ಖಚಿತಪಡಿಸಿದ್ದಕ್ಕೆ, ಹತ್ತಾರು ಸಾವಿರದ ಟರ್ಬೊ ಬದಲಿಸುವ ಅಗತ್ಯವಿಲ್ಲ ಎಂದು ಆಧಾರಸಹಿತ ಹೇಳಿದ್ದಕ್ಕೆ ಕೇಳುತ್ತಿದ್ದೇವೆ. ಇಷ್ಟು ವರ್ಷ ಈ ಹೊತ್ತಿನ ಖರ್ಚನ್ನು ಲೇಬರ್ ಚಾರ್ಜಿನ ಮೂಲೆಯಲ್ಲಿ ಎಲ್ಲೋ ತುಂಬಿಕೊಳ್ಳುತ್ತಿದ್ದೆವು. ಅಂದರೆ ಕ್ಲಚ್ ಮಾಡಿಸಲು ಬಂದವರು ಇನ್ನೊಬ್ಬರ ಟರ್ಬೊ ತಪಾಸಣೆಗೆ ತೆರುತ್ತಿದ್ದರು.

ರಿಪೇರಿ ನಮ್ಮಲ್ಲೇ ಮಾಡಿಸಿದರೆ ಶುಲ್ಕ ಬಿಡಬಾರದೇ ಎಂದು ಕೆಲವರು ಪ್ರೀತಿಯಿಂದಲೇ ಕೇಳಿದ್ದಾರೆ. ಈ ಬಗ್ಗೆ ನಮ್ಮೊಳಗೇ ಬಹಳ ಚರ್ಚೆಯಾಯಿತು. ಹಾಗೆ ಬಿಟ್ಟರೆ, ನೋಡಿದ ಹೊತ್ತಿನ ಹಣ ನಮಗೆ ಹುಟ್ಟಬೇಕಾದರೆ ದೊಡ್ಡ ರಿಪೇರಿಯೊಂದು ಸಿಗಲೇಬೇಕು ಎಂದಾಗುತ್ತದೆ. ಕ್ಲ್ಯಾಂಪ್ ಸಡಿಲವಾದ ಗಾಡಿ ನಮಗೆ ನಷ್ಟ, ಟರ್ಬೊ ಹೋದ ಗಾಡಿ ಲಾಭ. ಅಂಥ ಲೆಕ್ಕದಲ್ಲಿ ಕುಳಿತವನ ಕಣ್ಣಿಗೆ ಒಳ್ಳೆಯ ಟರ್ಬೊ ಸಹ ಕೆಟ್ಟದ್ದಾಗಿ ಕಾಣಲು ಹೆಚ್ಚು ದಿನ ಬೇಕಿಲ್ಲ. ನೋಡಿದ್ದಕ್ಕೆ ನೋಡಿದ ಹಣ, ಮಾಡಿದ್ದಕ್ಕೆ ಮಾಡಿದ ಹಣ ಎಂದು ಬೇರೆ ಇಟ್ಟಿರುವುದು ನಿಮಗೆ ನಾವು ಟರ್ಬೊ ಮಾರುವ ಅವಸರದಲ್ಲಿ ಇರಬಾರದು ಎಂದೇ.

ಖರ್ಚಿನ ಬಗ್ಗೆ ಎರಡು ಮಾತು. ಸ್ಕ್ಯಾನರ್ ಎಂದರೆ ಒಮ್ಮೆ ಕೊಂಡು ಇಟ್ಟುಕೊಳ್ಳುವ ಸಾಮಾನು ಎಂದು ಹಲವರು ತಿಳಿದಿದ್ದಾರೆ. ಅದರ ಸಾಫ್ಟ್‌ವೇರನ್ನು ವರ್ಷ ವರ್ಷ ಹಣ ಕಟ್ಟಿ ನವೀಕರಿಸದಿದ್ದರೆ ಹೊಸ ಮಾಡೆಲುಗಳನ್ನು ಅದು ಗುರುತಿಸುವುದೇ ಇಲ್ಲ. ಇನ್ನು, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದರೂ ನಮ್ಮ ಬಿಲ್ಲು ಇಳಿಯಲಿಲ್ಲ ಎಂಬ ಮಾತು ನಮ್ಮನ್ನು ನೋಯಿಸಿದೆ. ಅಂದು ಶೇ 28ರಿಂದ ಶೇ 18ಕ್ಕೆ ಇಳಿದದ್ದು ಬಿಡಿಭಾಗಗಳ ಮೇಲಿನ ತೆರಿಗೆ, ಆ ಇಳಿಕೆಯನ್ನು ಪೂರ್ತಿಯಾಗಿ ನಿಮ್ಮ ಬಿಲ್ಲಿಗೇ ಕೊಟ್ಟಿದ್ದೇವೆ, ಹಳೆಯ ಮತ್ತು ಹೊಸ ಬಿಲ್ಲನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ರಿಪೇರಿ ಕೆಲಸದ ಮೇಲೆ ಮೊದಲೂ ಶೇ 18 ಇತ್ತು, ಈಗಲೂ ಅಷ್ಟೇ ಇದೆ. ಇಳಿಯದ ತೆರಿಗೆಯನ್ನು ಇಳಿಸಲು ನಮ್ಮಿಂದ ಆಗದು.

ತಪಾಸಣೆಯಿಲ್ಲದೆ ಟರ್ಬೊ ಹಾಕಿಕೊಡುವುದಿಲ್ಲ ಎಂಬ ಎರಡನೆಯ ನಿಯಮಕ್ಕೆ ಕಾರಣ ಚಿಕ್ಕದು. ಟರ್ಬೊ ಬೇರಿಂಗ್ ಬದುಕುವುದು ಎಂಜಿನ್ ಆಯಿಲಿನ ಮೇಲೆ. ಆಯಿಲ್ ಬರುವ ಸಣ್ಣ ಪೈಪಿನಲ್ಲಿ ಇದ್ದಿಲಿನಂತೆ ಗಸಿ ಕಟ್ಟಿ ಹಳೆಯ ಟರ್ಬೊ ಸತ್ತಿದ್ದರೆ, ಅದೇ ಪೈಪಿಗೆ ಕೂಡಿಸಿದ ಹೊಸದೂ ಸಾಯುತ್ತದೆ. ಆಗ ವಾರಂಟಿ ಸಿಗದೆ ಮುಖ ಕೆಡಿಸಿಕೊಳ್ಳುವವರು ನೀವು ಮತ್ತು ನಾವು, ಮಾರಿದ ಅಂಗಡಿಯವರಲ್ಲ.

ಇನ್ನು ವ್ಯವಸ್ಥೆಯ ವಿಷಯ. ಶನಿವಾರ, ಭಾನುವಾರ ಕೈಮರದ ಕಡೆ ಪ್ರವಾಸಿಗರ ಗಾಡಿಗಳ ಸಾಲಿನಲ್ಲಿ ಮೂರನೇ ಗೇರ್ ಎಂಬುದು ಕನಸಿನ ಮಾತಾದ್ದರಿಂದ, ಈ ತಪಾಸಣೆ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ. ಮೊದಲೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು, ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಟ್ಟರೆ ಬೆಳಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಕೆಲಸ ಶುರುಮಾಡಬಹುದು. ತಪಾಸಣೆ ಮುಗಿದ ಮೇಲೆ ಕೇಳಿದ ಒತ್ತಡ, ಸಿಕ್ಕ ಒತ್ತಡ, ಸೋರಿಕೆ ಸಿಕ್ಕ ಜಾಗದ ಫೋಟೊ ಎಲ್ಲವನ್ನೂ ಬರವಣಿಗೆಯಲ್ಲಿ ಕೊಡುತ್ತೇವೆ. ಅದನ್ನು ಹಿಡಿದುಕೊಂಡು ಬೇರೆ ಗ್ಯಾರೇಜಿಗೆ, ಶೋರೂಮಿಗೆ ಹೋದರೂ ನಮ್ಮದೇನೂ ಅಭ್ಯಂತರವಿಲ್ಲ. ಬಾನೆಟ್ ತೆರೆದ ಕೂಡಲೇ ಕಳಚಿದ ಹೋಸ್ ಕಂಡರೆ, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದೇ ಕಾರಣವಾಗಿದ್ದರೆ, ಮೊದಲಿನಂತೆ ಶುಲ್ಕವಿಲ್ಲ. ನಿಮ್ಮ ಗಾಡಿಯನ್ನು ನೋಡುವ ಕೈಗಳೂ ಬದಲಾಗಿಲ್ಲ. ಯಾವ ಗಾಡಿಗೆ ಯಾವ ಹೋಸ್ ಯಾವ ಮಳೆಗಾಲದಲ್ಲಿ ಹಾಕಿದ್ದು ಎಂಬುದು ಅವರಿಗೆ ರಿಜಿಸ್ಟರ್ ತೆರೆಯದೆಯೇ ನೆನಪಿದೆ. ಯಾರಿಗಾದರೂ ಈ ಶುಲ್ಕ ಭಾರ ಎನಿಸಿದರೆ ಕೌಂಟರಿನಲ್ಲಿ ವಾದ ಮಾಡದೆ ನೇರವಾಗಿ ಮಾಲೀಕನಾದ ನನ್ನ ಬಳಿ ಬನ್ನಿ, ಕುಳಿತು ಮಾತಾಡೋಣ.

ಕೊನೆಯದಾಗಿ ಒಂದು ವಿನಂತಿ. ಬರುವ ಮೊದಲು ಎಲ್ಲೂ ಕೋಡ್ ಅಳಿಸಿಕೊಂಡು ಬರಬೇಡಿ. ಲೈಟ್ ಹೊತ್ತಿದ ಗಳಿಗೆಯಲ್ಲಿ ಗಾಡಿ ಎಷ್ಟು ಆರ್‌ಪಿಎಂನಲ್ಲಿ, ಎಷ್ಟು ಭಾರದಲ್ಲಿ, ಎಷ್ಟು ವೇಗದಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ತಮ್ಮ ವಿಶ್ವಾಸಿ,
ಗ್ಯಾರೇಜಿನ ಮಾಲೀಕರು ಮತ್ತು ಸಿಬ್ಬಂದಿ
ಚಿಕ್ಕಮಗಳೂರು