ಮಾಂಟೆಸ್ಸರಿ ನೋಡಲು ಹೋಗುವವರಿಗೆ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥ್ರೂಡ್, ಬಾಣೇರ್ ಕಡೆ ಮಾಂಟೆಸ್ಸರಿ (ಮಕ್ಕಳು ತಾವೇ ಕೈಯಾರೆ ಮಾಡಿ ಕಲಿಯುವ ಪದ್ಧತಿಯ ಶಾಲೆ) ಹುಡುಕುತ್ತಿರುವವರು ದಯವಿಟ್ಟು ಓದಿ. ಈ ಹೆಸರನ್ನು ಯಾರು ಬೇಕಾದರೂ ಬೋರ್ಡಿನಲ್ಲಿ ಬರೆಸಿಕೊಳ್ಳಬಹುದು. ಹಾಗಾಗಿ ಫೀಸು ಕಟ್ಟುವ ಮೊದಲು, ತರಗತಿ ನಡೆಯುವಾಗ ಸ್ವಲ್ಪ ಹೊತ್ತು ಕೂತು ನೋಡಲು ಅವಕಾಶ ಕೇಳಿ. 3ರಿಂದ 6 ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿದ್ದಾರಾ? ಲೋಟಕ್ಕೆ ನೀರು ಬಗ್ಗಿಸುವಾಗ ಮಗು ಚೆಲ್ಲಿದರೆ ಟೀಚರ್ ಓಡಿ ಬಂದು ತಾವೇ ಒರೆಸುತ್ತಾರಾ, ಇಲ್ಲಾ ಮಗುವಿನ ಕೈಗೆ ಬಟ್ಟೆ ಕೊಟ್ಟು ಕಾಯುತ್ತಾರಾ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಪಿಂಕ್ ಟವರ್‌ನ (ದೊಡ್ಡದರಿಂದ ಚಿಕ್ಕದಕ್ಕೆ ಒಂದರ ಮೇಲೊಂದು ಜೋಡಿಸುವ ಕಲಿಕೆಯ ಸಾಮಾನು) 10 ಮರದ ತುಂಡುಗಳು ಮಕ್ಕಳ ಕೈಗೆ ಎಟುಕುವ ಕಪಾಟಿನಲ್ಲಿರಬೇಕು ಅಲ್ವಾ, ಸುಮ್ನೆ ಗಾಜಿನೊಳಗೆ ಇಟ್ಟರೆ ಪ್ರಯೋಜನವಿಲ್ಲ. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮನೆಯಲ್ಲಿ ಕನ್ನಡ ಮಾತ್ರ ಬಿಡಬೇಡಿ. ನೋಡಿ ಬಂದವರು ಫೀಸು, ಸಮಯ, ವ್ಯಾನ್ ಎಲ್ಲಾ ಇಲ್ಲೇ ಬರೆಯಿರಿ.